ಅಂಗಳಕ್ಕೆ ಬಂದವರು

ನಮ್ಮ ಮನೆಯ ಬಾವಿಕಟ್ಟೆಯ ಮೇಲೆ, ಮುಂಗಾರಿಗೆ ಇನ್ನು ಹದಿನೈದಿಪ್ಪತ್ತು ದಿನಗಳಿವೆ ಎನ್ನುವ ಕಾಲದಲ್ಲಿ, ಬೆಳಗ್ಗೆ ನೀರು ಸೇದಲು ಹೋದವರಿಗೆ ಒಂದು ಕಾಣಿಕೆ ಕಾದಿರುವುದುಂಟು. ಚಪ್ಪಡಿಕಲ್ಲಿನ ನಟ್ಟನಡುವೆ, ಯಾರೋ ಎಣಿಸಿ ಇಟ್ಟುಹೋದರೆಂಬಂತೆ, ಇಪ್ಪತ್ತೋ ಮೂವತ್ತೋ ಗಟ್ಟಿಯಾದ ಕಪ್ಪು ಬೀಜಗಳು ಒಂದಕ್ಕೊಂದು ಅಂಟಿಕೊಂಡು ಸಣ್ಣ ಗುಪ್ಪೆಯಾಗಿ ಬಿದ್ದಿರುತ್ತವೆ. ಅವು ಬೈನೆಯ ಬೀಜಗಳು. ಬೈನೆಯ ಹಣ್ಣನ್ನು ಬರಿಗೈಯಲ್ಲಿ ಹಿಸುಕಿದವನಿಗೆ ಅಂಗೈ ತುರಿಸುವ ಸಂಕಟ ಗೊತ್ತು. ಅದರ ತಿರುಳಿನಲ್ಲಿ ಕಣ್ಣಿಗೆ ಕಾಣದ ಸೂಜಿಗಳಂಥ ಹರಳುಗಳಿವೆ. ಅಂಥ ಹಣ್ಣನ್ನು ಹೊಟ್ಟೆತುಂಬ ತಿಂದು, ತಿರುಳನ್ನಷ್ಟೇ ಅರಗಿಸಿಕೊಂಡು, ಬೀಜವನ್ನು ಕೊಂಚವೂ ಕೆಡಿಸದೆ, ನಾವು ಕೊಡವಿಡುವ ಜಾಗಕ್ಕೇ ತಂದಿರಿಸುವ ಮಹಾನುಭಾವ ಯಾರೆಂದರೆ, ನಮ್ಮ ಕಡೆಯವರು ಕಬ್ಬೆಕ್ಕು ಎಂದು ಕರೆಯುವ ಪ್ರಾಣಿ. ದೇಹಬಾಧೆ ತೀರಿಸಿಕೊಳ್ಳುವುದಕ್ಕೆ ಬಂಡೆ, ಬಿದ್ದ ಮರದ ದಿಮ್ಮಿ, ಗೋಡೆಯ ತಲೆ ಮುಂತಾದ ಬಯಲು ಸ್ಥಳಗಳೇ ಅದಕ್ಕೆ ಪ್ರಿಯ. ನನ್ನ ತಾಯಿ ವರ್ಷವರ್ಷವೂ ಅದನ್ನು ಬಯ್ಯುತ್ತ ಕಟ್ಟೆ ತೊಳೆಯುತ್ತಿದ್ದರು. ಈಗ ನನ್ನ ಹೆಂಡತಿ ಬಯ್ಯುತ್ತ ತೊಳೆಯುತ್ತಾಳೆ.

ಬೀಜಗಳನ್ನು ಬಾಲ್ಯದಿಂದ ಕಂಡಿದ್ದರೂ, ಬೀಜವಿಟ್ಟವನನ್ನು ನಾನು ಸಾವಕಾಶವಾಗಿ ಕಂಡದ್ದು ನಿದ್ರೆ ಕಡಿಮೆಯಾದ ಈಚಿನ ವರ್ಷಗಳಲ್ಲಿ. ವೃದ್ಧಾಪ್ಯದ ಲಾಭಗಳು ಹೆಚ್ಚಿಲ್ಲ, ಇದು ಅವುಗಳಲ್ಲೊಂದು. ರಾತ್ರಿ ಎರಡು ಗಂಟೆಯ ಸುಮಾರಿಗೆ ಎಚ್ಚರವಾಗಿ, ಇನ್ನು ಹೊರಳಾಡಿ ಫಲವಿಲ್ಲವೆಂದು ಜಗಲಿಗೆ ಬಂದು ಕಂಬಕ್ಕೊರಗಿ ಕುಳಿತಿದ್ದ ಒಂದು ಬೆಳುದಿಂಗಳಿನಲ್ಲಿ, ಕೊಟ್ಟಿಗೆಯ ಮಾಡಿನಿಂದ ಒಂದು ನೆರಳು ಪೇರಳೆಮರಕ್ಕೆ ದಾಟಿ, ಅಲ್ಲಿಂದ ಸದ್ದಿಲ್ಲದೆ ಬಾವಿಯ ಕಡೆಯ ಗೋಡೆಗೆ ಇಳಿಯಿತು. ಮನೆಯ ಬೆಕ್ಕಿಗಿಂತ ಉದ್ದವಾದ ಮೈ, ಮೈಯಷ್ಟೇ ಉದ್ದವಾದ ಬಾಲ, ಕಾಲುಗಳು ಮಾತ್ರ ಗಿಡ್ಡ. ಕಣ್ಣ ಸುತ್ತ ಮಸಿ ಬಳಿದುಕೊಂಡಂಥ ಮುಖ. ಗೋಡೆಯ ಮೇಲೆ ಅರ್ಧ ದೂರ ನಡೆದು, ನಿಂತು, ಮೂಗೆತ್ತಿ, ನನ್ನತ್ತ ತಿರುಗಿತು. ನಾನು ಉಸಿರು ಹಿಡಿದೆ. ಎಷ್ಟು ಹೊತ್ತು ನೋಡಿತೋ ಹೇಳಲಾರೆ. ಆದರೆ ಆ ನೋಟದಲ್ಲಿ ಹೆದರಿಕೆಗಿಂತ ಹೆಚ್ಚಾಗಿ ಇದ್ದದ್ದು, ಹೊತ್ತಲ್ಲದ ಹೊತ್ತಿನಲ್ಲಿ ಇವನಿಲ್ಲೇಕೆ ಎಂಬ ಒಂದು ಬಗೆಯ ಆಕ್ಷೇಪಣೆಯೆಂದೇ ನನಗೆ ತೋರಿತು. ಅನಂತರ ತನ್ನ ದಾರಿ ಹಿಡಿದು ಹಲಸಿನ ಮರದ ಕತ್ತಲೆಯಲ್ಲಿ ಕರಗಿಹೋಯಿತು.

ಆ ರಾತ್ರಿಯಿಂದೀಚೆಗೆ ಅಂಗಳವನ್ನು ನಮ್ಮದೆಂದು ಹೇಳುವಾಗ ನನಗೆ ಸ್ವಲ್ಪ ಸಂಕೋಚವಾಗುತ್ತದೆ. ಹಗಲಿನಲ್ಲಿ ಅದು ಅಡಿಕೆ ಹರವುವ ಸ್ಥಳ, ಕಂದಾಯದ ಕಾಗದದಲ್ಲಿ ನನ್ನ ಹೆಸರಿನಲ್ಲಿರುವ ಸ್ಥಳ. ರಾತ್ರಿಯಲ್ಲಿ ಅದು ಶರಾವತಿಯ ಕಣಿವೆಯ ಕಾಡಿನಿಂದ ತೋಟಕ್ಕೂ ತೋಟದಿಂದ ಕಾಡಿಗೂ ಹೋಗಿಬರುವ ಹಲವರ ಹಾದಿ. ಮುಳ್ಳುಹಂದಿ ಹಾದುಹೋದ ಗುರುತಿಗೆ ಒಮ್ಮೊಮ್ಮೆ ಕಪ್ಪು ಬಿಳುಪಿನ ಒಂದು ಮುಳ್ಳು ಬಿದ್ದಿರುತ್ತದೆ. ಅದು ಮುಳ್ಳನ್ನು ಬಾಣದಂತೆ ಎಸೆಯುತ್ತದೆಂದು ನಮಗೆ ಚಿಕ್ಕಂದಿನಲ್ಲಿ ಹೇಳಿದ್ದರು. ಎಸೆಯುವುದಿಲ್ಲ, ಸಡಿಲವಾದದ್ದು ಉದುರುತ್ತದೆ, ಮೇಲೆಬಿದ್ದವನ ಮೈಗೆ ನಾಟಿ ಕಿತ್ತುಕೊಂಡು ಬರುತ್ತದೆ, ಅಷ್ಟೆ. ಹಾರುಬೆಕ್ಕು ತೋಟದಂಚಿನ ಧೂಪದ ಮರದಿಂದ ಹಲಸಿಗೆ ತೇಲಿ ಬಂದಾಗ ಹಾಳೆ ಬಿದ್ದಂಥ ಒಂದು ಸದ್ದು. ಗೂಬೆಯ ವಿಷಯ ಹೇಳಿದರೆ ನನ್ನ ಹೆಂಡತಿಗೆ ಸರಿಹೋಗುವುದಿಲ್ಲವಾದ್ದರಿಂದ ಬಿಡುತ್ತೇನೆ.

ಮನೆಗೆ ಬರುವವರನ್ನು ನಮ್ಮವರು ಅತಿಥಿ ಅಭ್ಯಾಗತರೆಂದು ಜೊತೆಗೂಡಿಸಿ ಹೇಳಿದರೂ ಆ ಎರಡು ಪದಗಳಲ್ಲಿ ಒಂದು ಸೂಕ್ಷ್ಮವಾದ ಅಂತರವುಂಟು. ಬರುವ ತಿಥಿಯನ್ನು ಗೊತ್ತುಮಾಡದೆ ಬರುವವನು ಅತಿಥಿಯೆಂದೂ, ಪರಿಚಯದಿಂದಲೋ ಕರೆಯಿಂದಲೋ ಬರುವವನು ಅಭ್ಯಾಗತನೆಂದೂ ಹಿರಿಯರು ವಿವರಿಸುತ್ತಿದ್ದುದುಂಟು. ಹಾಗೆ ನೋಡಿದರೆ ಕಬ್ಬೆಕ್ಕಿಗಿಂತ ಶುದ್ಧವಾದ ಅತಿಥಿ ಯಾರಿದ್ದಾರೆ? ಇಂದು ಬಂದದ್ದು ನಾಳೆ ಬಂದೀತೆಂಬ ಭರವಸೆಯಿಲ್ಲ, ಬಂದರೆ ಪೂರ್ವಸೂಚನೆಯಿಲ್ಲ, ಹೊರಟರೆ ಹೇಳಿಹೋಗುವುದಿಲ್ಲ. ಆದರೆ ಮನುಷ್ಯರಾದ ಅತಿಥಿಗಳ ವಿಷಯದಲ್ಲಿ ನಮಗೆ ಕಲಿಸಿದ ಮೊದಲ ಪಾಠ, ಬಂದವರಿಗೆ ಏನಾದರೂ ಕೊಡದೆ ಕಳುಹಿಸಬಾರದೆಂಬುದು, ಈ ಅತಿಥಿಗಳ ವಿಷಯದಲ್ಲಿ ತಲೆಕೆಳಗಾಗುತ್ತದೆಂಬುದೇ ನಾನು ಈ ಲೇಖನದಲ್ಲಿ ವಾದಿಸಬೇಕೆಂದಿರುವ ಸಂಗತಿ. ಅಂಗಳಕ್ಕೆ ಬಂದ ಕಾಡುಜೀವಿಗೆ ನಾವು ಸಲ್ಲಿಸಬಹುದಾದ ಮರ್ಯಾದೆಯೆಂದರೆ ಬಡಿಸದಿರುವುದು. ಬಡಿಸಿದ ಮರುದಿನ ಅದು ಅಭ್ಯಾಗತ. ಹತ್ತನೆಯ ದಿನ ಮನೆವಾರ್ತೆಯ ಆಳು. ಆಮೇಲೆ ಅದರ ಕೈಯಲ್ಲಿ ನಾವು.

ಇದಕ್ಕೆ ನಮ್ಮ ಧರ್ಮದ ಕಡೆಯಿಂದಲೇ ಆಕ್ಷೇಪ ಬರುವುದೆಂದು ಬಲ್ಲೆ. ಗೃಹಸ್ಥನಿಗೆ ವಿಧಿಸಿರುವ ಪಂಚಮಹಾಯಜ್ಞಗಳಲ್ಲಿ ಭೂತಯಜ್ಞವೂ ಒಂದು; ಉಣ್ಣುವ ಮೊದಲು ನಾಯಿಗೆ, ಕಾಗೆಗೆ, ಹುಳುಹುಪ್ಪಟೆಗೆ ಒಂದು ತುತ್ತನ್ನು ತೆಗೆದಿಡಬೇಕೆಂಬ ನಿಯಮ ಅಲ್ಲಿದೆ. ಅಕ್ಕಿಹಿಟ್ಟಿನಲ್ಲಿ ರಂಗವಲ್ಲಿ ಹಾಕಿ, ಇರುವೆಗಳು ಹೊತ್ತುಕೊಂಡು ಹೋಗಲೆಂದು ಬಿಡುತ್ತಿದ್ದ ನಮ್ಮ ಅಜ್ಜಿಯಂದಿರು ಆ ಯಜ್ಞವನ್ನು ಮಂತ್ರವಿಲ್ಲದೆ ಮಾಡುತ್ತಿದ್ದರು. ನಾನು ಇದನ್ನು ಅಲ್ಲಗಳೆಯುವವನಲ್ಲ. ಆದರೆ ಆ ತುತ್ತಿನ ಪ್ರಮಾಣವೆಷ್ಟು, ಅದನ್ನು ಇಟ್ಟವನು ಆಮೇಲೆ ಏನು ಮಾಡುತ್ತಿದ್ದನು ಎಂಬುದನ್ನು ಯೋಚಿಸಬೇಕು. ಹಿಡಿಯಷ್ಟನ್ನು ಇಟ್ಟು, ಕೈ ತೊಳೆದು, ತಿರುಗಿ ನೋಡದೆ ಒಳಗೆ ಹೋಗುತ್ತಿದ್ದನು. ತಿಂದದ್ದು ಯಾರು, ತನ್ನ ಕೈಯಿಂದಲೇ ತಿಂದಿತೋ ಇಲ್ಲವೋ ಎಂಬ ಲೆಕ್ಕ ಅವನಿಗಿರಲಿಲ್ಲ. ಈಗ ಬಿಸ್ಕತ್ತಿನ ಪೊಟ್ಟಣವನ್ನು ಬಿಚ್ಚಿ ಮಂಗನ ಮುಂದೆ ಹಿಡಿದು, ಅದು ಕೈಯಿಂದ ಕಿತ್ತುಕೊಳ್ಳುವ ಕ್ಷಣವನ್ನು ಮೊಬೈಲಿನಲ್ಲಿ ಸೆರೆಹಿಡಿಸಿಕೊಳ್ಳುವವನು ಅದೇ ಯಜ್ಞವನ್ನು ಮಾಡುತ್ತಿದ್ದಾನೆಂದು ಹೇಳಿದರೆ ಯಜ್ಞವೆಂಬ ಪದಕ್ಕೆ ಅವಮಾನ.

ಮಂಗನ ಮಾತು ಬಂದದ್ದರಿಂದ ಅದನ್ನು ಪೂರ್ತಿ ಹೇಳಿಯೇಬಿಡಬೇಕು, ಏಕೆಂದರೆ ಮಲೆನಾಡಿನಲ್ಲಿ ಕುಳಿತು ಅಂಗಳದ ಪ್ರಾಣಿಗಳ ಸೊಬಗನ್ನು ಬಣ್ಣಿಸುತ್ತ ಮಂಗನನ್ನು ಬಿಟ್ಟುಬಿಡುವವನ ಮಾತನ್ನು ಯಾವ ರೈತನೂ ನಂಬಬೇಕಾಗಿಲ್ಲ. ಆಗುಂಬೆಯ ಘಾಟಿಯ ತಿರುವುಗಳಲ್ಲಿ ತಡೆಗೋಡೆಯ ಮೇಲೆ ಸಾಲಾಗಿ ಕುಳಿತು ಬರುವ ಕಾರುಗಳ ಕಿಟಕಿಯನ್ನೇ ನೋಡುವ ಮಂಗಗಳನ್ನು ಕಂಡವರಿಗೆ, ಕಾಡಿನಲ್ಲಿ ದಿನವಿಡೀ ಅಲೆದು ಚಿಗುರು, ಹಣ್ಣು, ಮಿಡತೆ, ಜೇಡಗಳನ್ನು ಹುಡುಕಿ ಹೊಟ್ಟೆ ಹೊರೆಯುವ ಕುಲವೊಂದು ಹೇಗೆ ಭಿಕ್ಷುಕರ ಕುಲವಾಯಿತೆಂಬುದನ್ನು ವಿವರಿಸಬೇಕಾಗಿಲ್ಲ. ಪ್ರವಾಸಿ ಬಾಳೆಹಣ್ಣು ಕೊಟ್ಟು ಪುಣ್ಯ ಕಟ್ಟಿಕೊಂಡು ಹೋಗುತ್ತಾನೆ. ಆ ಪುಣ್ಯದ ಬಡ್ಡಿಯನ್ನು ಕಟ್ಟುವವರು ಊರವರು. ಇದರ ಮೇಲೆ, ಯಾವುದೋ ಪಟ್ಟಣದ ಬೀದಿಯಲ್ಲಿ ಹಿಡಿದ ಮಂಗಗಳನ್ನು ರಾತ್ರೋರಾತ್ರಿ ವಾಹನದಲ್ಲಿ ತಂದು ಕಾಡಿನಂಚಿನಲ್ಲಿ ಬಿಟ್ಟುಹೋಗುವ ಪದ್ಧತಿಯೊಂದಿದೆ. ಕಾಡೆಂದರೇನೆಂದು ಅರಿಯದ, ಅಡುಗೆಮನೆಯೆಂದರೇನೆಂದು ಚೆನ್ನಾಗಿ ಅರಿತ ಅಂಥದೊಂದು ಹಿಂಡು ಹಿಂದೊಂದು ವರ್ಷ ನಮ್ಮೂರಿಗೆ ಬಂದಿಳಿದಾಗ, ಅವು ಬಚ್ಚಲಮನೆಯ ಹೆಂಚು ಸರಿಸಿ ಒಳಗಿಳಿದ ಕೌಶಲವನ್ನು ನೋಡಿಯೇ ಇವು ನಮ್ಮ ಕಡೆಯವಲ್ಲವೆಂದು ಎಲ್ಲರೂ ನಿರ್ಧರಿಸಿದರು. ನಮ್ಮ ಕಡೆಯವು ಹೆಂಚನ್ನು ಒಡೆಯುತ್ತಿದ್ದುವು. ಸರಿಸಲು ಅವಕ್ಕೆ ಬರುತ್ತಿರಲಿಲ್ಲ.

ನಮ್ಮ ಪಕ್ಕದ ತೋಟದವರು ಒಮ್ಮೆ ನನ್ನ ಜಗಲಿಯಲ್ಲಿಯೇ ಕುಳಿತು ಹೇಳಿದರು: ‘ನಿಮಗೇನು ಮಾರಾಯ್ರೆ, ಕೂತು ನೋಡ್ತೀರಿ. ಎಳೆ ಅಡಿಕೆ ಚೀಪಿ ಬಿಸಾಡೋದು ನನ್ನ ತೋಟದಲ್ಲಿ.’ ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ; ಈಗಲೂ ಪೂರ್ತಿ ಉತ್ತರವಿಲ್ಲ. ಬಾಳೆಗೊನೆ ಹೋದಾಗ, ಹೊಸದಾಗಿ ನೆಟ್ಟ ಅಡಿಕೆ ಸಸಿಯ ಬುಡವನ್ನು ಮುಳ್ಳುಹಂದಿ ಕಡಿದುಹಾಕಿದಾಗ, ಗೆಣಸಿನ ಪಾತಿಯನ್ನು ಕಾಡುಹಂದಿ ಉತ್ತುಹೋದಾಗ, ನನಗೂ ಪ್ರಕೃತಿಪ್ರೇಮ ಸ್ವಲ್ಪ ಹೊತ್ತು ಮರೆತುಹೋಗುತ್ತದೆ. ನೋಡುವುದೆಂದರೆ ನಷ್ಟವನ್ನು ಕಾಣದಿರುವುದೆಂದು ನಾನು ಹೇಳುತ್ತಿಲ್ಲ. ತೋಟ ಕಾಯುವವನು ಕಾಯಲಿ, ಬಲೆ ಕಟ್ಟಲಿ, ಡಬ್ಬಿ ಬಡಿಯಲಿ, ಸರ್ಕಾರದಿಂದ ಪರಿಹಾರ ಕೇಳಲಿ. ಕಾಲಕ್ಕೆ ಸರಿಯಾಗಿ ಸಿಕ್ಕುವಂತೆ ಜಗಳವಾಡಿಯಾದರೂ ಕೇಳಲಿ. ಆದರೆ ಮಂಗನನ್ನು ಓಡಿಸುವ ನಮ್ಮ ಪಕ್ಕದವರನ್ನೂ ಅದಕ್ಕೆ ಬಿಸ್ಕತ್ತು ಕೊಡುವ ಪ್ರವಾಸಿಯನ್ನೂ ಹೋಲಿಸಿದರೆ, ಮಂಗನಿಗೆ ಹಿತವನ್ನು ಮಾಡುತ್ತಿರುವವರು ನಮ್ಮ ಪಕ್ಕದವರೇ ಎಂದು ನಾನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಅವರ ಕವಣೆಗೆ ಹೆದರುವ ಮಂಗ ಕಾಡಿನ ಮಂಗವಾಗಿಯೇ ಉಳಿಯುತ್ತದೆ.

ನೋಡುವ ಅಭ್ಯಾಸದಿಂದ ಪ್ರಾಣ ಉಳಿಯುವುದೂ ಉಂಟು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಆಸುಪಾಸಿನಲ್ಲಿ ಮಂಗಗಳೂ ಮುಸುವಗಳೂ ಸತ್ತುಬೀಳತೊಡಗಿದುವು. ಅದೇ ಕಾಲದಲ್ಲಿ ಜನರಿಗೂ ವಿಷಮವಾದ ಜ್ವರ ಬಂತು. ಆ ಎರಡನ್ನೂ ಜೊತೆಗಿಟ್ಟು ನೋಡಿದ್ದರಿಂದಲೇ ಕಾಡಿನ ಉಣುಗುಗಳಿಂದ ಹರಡುವ ಒಂದು ಹೊಸ ವೈರಾಣು ಜಗತ್ತಿಗೆ ಗೊತ್ತಾಯಿತು. ವೈದ್ಯಶಾಸ್ತ್ರದಲ್ಲಿ ಅದು ಇಂದಿಗೂ ಆ ಪುಟ್ಟ ಕಾಡಿನ ಹೆಸರಿನಿಂದಲೇ ಪ್ರಸಿದ್ಧ. ನಮಗೆ ಅದು ಮಂಗನ ಕಾಯಿಲೆ. ಬೇಸಗೆಯಲ್ಲಿ ದರಗು ತರಲು ಕಾಡಿಗೆ ಹೋಗುವ ಹೆಂಗಸರೂ ಕೊಟ್ಟಿಗೆಗೆ ಸೊಪ್ಪು ತರುವ ಆಳುಗಳೂ ಇದರಿಂದ ಪಟ್ಟ ಪಾಡನ್ನು ಮಲೆನಾಡಿನ ಯಾವ ಊರಿನಲ್ಲಿ ಕೇಳಿದರೂ ಹೇಳುತ್ತಾರೆ. ಹಿತ್ತಲಿನ ಧರೆಯ ಮೇಲೆ ದಿನವೂ ಕಾಣುತ್ತಿದ್ದ ಹಿಂಡು ಇಂದು ಏಕೆ ಕಾಣಲಿಲ್ಲ, ಒಂದು ಮಂಗ ಏಕೆ ಮಂಕಾಗಿ ನೆಲದ ಮೇಲೆ ಕುಳಿತಿದೆ ಎಂದು ಗಮನಿಸಿ, ಸತ್ತ ಮಂಗನನ್ನು ಮುಟ್ಟದೆ, ಹತ್ತಿರ ಸುಳಿಯದೆ, ಆರೋಗ್ಯ ಕೇಂದ್ರಕ್ಕೆ ಸುದ್ದಿ ಮುಟ್ಟಿಸುವವನು ಊರಿಗೆ ಮಾಡುವ ಉಪಕಾರ ದೊಡ್ಡದು. ಅಂಗಳದಲ್ಲಿ ಕಣ್ಣಿಲ್ಲದವನಿಗೆ ಈ ಸುದ್ದಿ ಮುಟ್ಟುವುದು ಆಸ್ಪತ್ರೆಯಲ್ಲಿ.

ಇನ್ನು ಹಾವಿನ ಪ್ರಸಂಗ. ನಾನು ಹತ್ತು ವರ್ಷದ ಹುಡುಗನಾಗಿದ್ದಾಗ ಗದ್ದೆಯ ಬದುವಿನಲ್ಲಿ ಎರಡು ಹಾವುಗಳು ಹೆಣೆದುಕೊಂಡು ಎದ್ದು ನಿಂತಿದ್ದುದನ್ನು ಕಂಡು ಕೂಗಿದೆ. ಓಡಿಬಂದ ಹಿರಿಯರು, ಅದು ಕೇರೆಗೂ ನಾಗರಕ್ಕೂ ಆಗುವ ಸಮಾಗಮವೆಂದೂ, ಅದರ ಮೇಲೆ ಹೊದಿಸಿದ ವಸ್ತ್ರವನ್ನು ಪೆಟ್ಟಿಗೆಯಲ್ಲಿಟ್ಟರೆ ಸಂಪತ್ತು ಸೇರುವುದೆಂದೂ ಹೇಳಿ, ಒಗೆದ ಪಂಚೆಯೊಂದನ್ನು ದೂರದಿಂದ ಎಸೆದರು. ಹಾವುಗಳು ಬಿಡಿಸಿಕೊಂಡು ಹೊರಟುಹೋದುವು. ಪಂಚೆ ಪೆಟ್ಟಿಗೆ ಸೇರಿತು. ಸಂಪತ್ತು ಎಷ್ಟು ಬಂತೆಂದು ನಮ್ಮ ಮನೆಯ ಸಾಲದ ಪತ್ರಗಳು ಹೇಳುತ್ತಿದ್ದುವು. ಅರ್ಧ ಶತಮಾನ ಕಳೆದ ಮೇಲೆ, ಒಂದು ಬೆಳಗ್ಗೆ ಹತ್ತು ಗಂಟೆಯ ಬಿಸಿಲಿನಲ್ಲಿ, ನಮ್ಮ ಅಂಗಳದಲ್ಲೇ ಅದೇ ದೃಶ್ಯ ಎದುರಾದಾಗ, ನಾನು ಪಂಚೆ ತರಲು ಹೋಗದೆ ಮುಕ್ಕಾಲು ಗಂಟೆ ನಿಂತು ನೋಡಿದೆ. ಎರಡೂ ಕೇರೆಗಳೇ, ಎರಡರ ಬಣ್ಣವೂ ಒಣಗಿದ ಸೋಗೆಯ ಬಣ್ಣ, ಯಾವುದೂ ಒಮ್ಮೆಯೂ ಹೆಡೆಯೆತ್ತಲಿಲ್ಲ. ಮೈಯ ಮುಂಭಾಗವನ್ನು ಎತ್ತಿ, ಹಗ್ಗ ಹೊಸೆದಂತೆ ಸುತ್ತಿಕೊಂಡು, ಒಂದರ ತಲೆಯನ್ನು ಇನ್ನೊಂದು ಮೇಲಿನಿಂದ ಒತ್ತಿ ನೆಲಕ್ಕೆ ತಾಗಿಸುವುದು. ತಾಗಿದೊಡನೆ ಬಿಡಿಸಿಕೊಂಡು ಮತ್ತೆ ಏಳುವುದು. ಕಚ್ಚುವ ಮಾತೇ ಇಲ್ಲ. ಕೊನೆಗೆ ಚಿಕ್ಕದು ಸೋಲೊಪ್ಪಿ ಬಚ್ಚಲ ನೀರಿನ ಕಾಲುವೆಗುಂಟ ಬಾಳೆಯ ಬುಡಕ್ಕೆ ಹರಿದುಹೋಯಿತು. ಗೆದ್ದದ್ದು ಸ್ವಲ್ಪ ಹೊತ್ತು ನಾಲಗೆ ಚಾಚುತ್ತ ಅಲ್ಲಿಯೇ ಇತ್ತು. ಎರಡು ಗಂಡು ಕೇರೆಗಳ ಕುಸ್ತಿ ಅದು. ಹೆಣ್ಣಿಗಾಗಿ ನಡೆಯುವ ಈ ಮಲ್ಲಯುದ್ಧವನ್ನು ಹಾವುಗಳನ್ನು ಬಲ್ಲವರು ಚೆನ್ನಾಗಿಯೇ ಅರಿತಿದ್ದಾರೆ. ನನ್ನ ಜೊತೆ ನಿಂತಿದ್ದ ಕೆಲಸದವನು, ಎಲ್ಲ ಮುಗಿದ ಮೇಲೂ, ‘ಒಂದು ನಾಗರವೇ ಅಯ್ಯ, ಹೆಡೆ ಮುಚ್ಚಿಕೊಂಡಿತ್ತು’ ಎಂದ. ನಂಬಿಕೆಯನ್ನು ಕಣ್ಣು ಗೆಲ್ಲುತ್ತದೆಂದು ನಾನು ಸಾಧಿಸಹೊರಟಿಲ್ಲ. ಆದರೆ ಕೇರೆಯನ್ನು ಕಂಡಕಂಡಲ್ಲಿ ಕೊಂದು, ಕಣಜಕ್ಕೆ ಇಲಿ ಬಿದ್ದಾಗ ವಿಷ ತರಲು ಪೇಟೆಗೆ ಓಡುವವರ ಮನೆಗಳಲ್ಲಿ, ಯಾರಾದರೊಬ್ಬರು ಹೀಗೆ ಮುಕ್ಕಾಲು ಗಂಟೆ ನಿಂತು ನೋಡಿದ್ದರೆ ಮುಂದಿನ ಕೇರೆಯ ಪ್ರಾಣ ಉಳಿಯುತ್ತಿತ್ತೆಂದು ನನ್ನ ಎಣಿಕೆ.

ವಿಷದ ಹಾವುಗಳ ವಿಷಯದಲ್ಲಿ ನನಗೆ ಯಾವ ಔದಾರ್ಯವೂ ಇಲ್ಲ. ಕೊಳಕುಮಂಡಲ ಜಗಲಿಯ ಮೆಟ್ಟಿಲಲ್ಲಿ ಮಲಗಿದ್ದರೆ ಅದನ್ನು ನೋಡುವ ಕೆಲಸವನ್ನು ಬಲ್ಲವರಿಗೆ ಬಿಟ್ಟು, ಹಿಡಿದು ಸಾಗಿಸುವವರನ್ನು ಕರೆಸತಕ್ಕದ್ದು. ಆದರೆ ಆ ಹಾವು ಬಂದಿದೆಯೆಂದು ನನಗೆ ಮೊದಲು ತಿಳಿಸುವವರು ಯಾರು? ಹಕ್ಕಿಗಳು. ಅಂಗಳಕ್ಕೆ ತನ್ನದೇ ಆದ ಒಂದು ಭಾಷೆಯುಂಟು. ವ್ಯಾಕರಣ ಕಷ್ಟವಲ್ಲ, ಕಿವಿ ಬೇಕು. ಹರಟೆಮಲ್ಲಗಳ ಗುಂಪು ದಿನವಿಡೀ ಗಲಾಟೆ ಮಾಡುತ್ತಲೇ ಇರುತ್ತದೆ. ಆದರೆ ಒಂದೇ ಪೊದೆಯ ಸುತ್ತ ಮುತ್ತಿ, ಬಾಲ ಬಡಿಯುತ್ತ, ಸ್ವರವನ್ನು ಏರಿಸಿ ಕಿರಿಚಿದಾಗ ಅಲ್ಲಿ ಹಾವೋ ಮುಂಗುಸಿಯೋ ಇದೆಯೆಂದರ್ಥ. ಅಳಿಲು ಒಂದೇ ಕೊಂಬೆಯಲ್ಲಿ ಕುಳಿತು ಗಡಿಯಾರದಂತೆ ಚಿಕ್ ಚಿಕ್ ಎಂದು ನಿಲ್ಲದೆ ಕೂಗತೊಡಗಿದರೆ ಬೆಕ್ಕನ್ನು ಹುಡುಕಬೇಕು. ಬಾವಿಯ ಹಿಂದಿನ ಕಲ್ಲುರಾಶಿಯಲ್ಲಿ ಒಂದು ಮುಂಗುಸಿಯ ಸಂಸಾರವಿದೆ. ಹಾವಿನ ವಿಷವೇರದಂತೆ ಅದು ಯಾವುದೋ ಬೇರನ್ನು ತಿಂದು ಬರುತ್ತದೆಂದು ಕೇಳಿದ್ದೆವು; ಬೇರೇನೂ ಇಲ್ಲ. ನಾಗರದ ವಿಷವು, ನರವು ಸ್ನಾಯುವನ್ನು ಸೇರುವಲ್ಲಿ, ಎಲ್ಲಿ ಹೋಗಿ ಕೂರಬೇಕೋ ಆ ಪೀಠದ ಆಕಾರವೇ ಮುಂಗುಸಿಯಲ್ಲಿ ತುಸು ಬೇರೆಯಾಗಿರುವುದರಿಂದ ವಿಷಕ್ಕೆ ಹಿಡಿತ ಸಿಕ್ಕುವುದಿಲ್ಲ. ಮಿಕ್ಕದ್ದು ಅದರ ಚುರುಕು. ಬೇರಿನ ಕಥೆಗಿಂತ ಈ ಕಥೆ ಹೆಚ್ಚು ಅದ್ಭುತವೆಂದು ನನಗೆ ಅನ್ನಿಸುತ್ತದೆ.

ಅಂಗಳದಲ್ಲಿ ಕುಳಿತೇ ಜ್ಞಾನವನ್ನೂ ಸಾಹಿತ್ಯವನ್ನೂ ಸಂಪಾದಿಸಿದವರು ಇಲ್ಲದೆ ಇಲ್ಲ. ಸುಂಕ ಮತ್ತು ಉಪ್ಪಿನ ಇಲಾಖೆಯಲ್ಲಿ ನೌಕರಿ ಮಾಡುತ್ತ ನಮ್ಮ ಕಾರವಾರದ ಸೀಮೆಯಲ್ಲಿಯೂ ಕೆಲಕಾಲ ಇದ್ದ ಎಡ್ವರ್ಡ್ ಹ್ಯಾಮಿಲ್ಟನ್ ಏಟ್ಕನ್ ಎಂಬ ಆಂಗ್ಲ ಲೇಖಕ, ತನ್ನ ಬಂಗಲೆಗೆ ನುಗ್ಗುವ ಇಲಿ, ಕಪ್ಪೆ, ಇರುವೆ, ಕಾಗೆಗಳನ್ನು ಗಡಿನಾಡಿನ ಬುಡಕಟ್ಟುಗಳೆಂದು ಕರೆದು 1883ರಲ್ಲಿ ಒಂದು ಪುಸ್ತಕವನ್ನೇ ಬರೆದ. ಬೊಂಬಾಯಿಯ ಪ್ರಕೃತಿ ಇತಿಹಾಸ ಸಂಘವನ್ನು ಅದೇ ವರ್ಷ ಸ್ಥಾಪಿಸಿದವರಲ್ಲಿ ಆತನೂ ಒಬ್ಬ. ಸಂಡೂರಿನ ಸಂಸ್ಥಾನದಲ್ಲಿ ನಾನಾ ಹುದ್ದೆಗಳಲ್ಲಿದ್ದು ಆಮೇಲೆ ಮದರಾಸಿಗೆ ಹಿಂದಿರುಗಿದ ಎಂ. ಕೃಷ್ಣನ್ ಅವರು ‘ಸ್ಟೇಟ್ಸ್‌ಮನ್’ ಪತ್ರಿಕೆಗೆ 1950ರಿಂದ 1996ರಲ್ಲಿ ತೀರಿಕೊಳ್ಳುವವರೆಗೂ ಅಂಕಣ ಬರೆದರು. ಹುಲಿ ಆನೆಗಳಿಗೆ ಕೊಟ್ಟಷ್ಟೇ ಗೌರವವನ್ನು ಅವರು ಕಾಗೆಗೂ ಅಳಿಲಿಗೂ ಕೊಟ್ಟರು. ಮೂಡಿಗೆರೆಯ ತೋಟದಲ್ಲಿ ಕುಳಿತು ಪೂರ್ಣಚಂದ್ರ ತೇಜಸ್ವಿಯವರು ಮಾಡಿದ್ದನ್ನು ಕನ್ನಡಿಗರಿಗೆ ನಾನು ಹೇಳಹೋದರೆ ಅಧಿಕಪ್ರಸಂಗವಾದೀತು. ಈ ಮೂವರಲ್ಲಿಯೂ ನಾನು ಮೆಚ್ಚುವ ಗುಣವೊಂದು: ಪ್ರಾಣಿಯ ಮೇಲೆ ಇವರು ಕರುಣೆಯನ್ನು ಸುರಿಯುವುದಿಲ್ಲ. ಕುತೂಹಲವಿದೆ, ಹಾಸ್ಯವಿದೆ, ಒಮ್ಮೊಮ್ಮೆ ಸಿಟ್ಟೂ ಇದೆ. ದಯೆಯ ಪ್ರದರ್ಶನ ಮಾತ್ರ ಇಲ್ಲ.

ಅಂಗಳವನ್ನು ಹಾಳುಮಾಡುವ ಶತ್ರುಗಳಲ್ಲಿ ಬಿಸ್ಕತ್ತಿನ ಜೊತೆಗೆ ಇನ್ನೆರಡನ್ನು ಸೇರಿಸಬೇಕು: ಪೊರಕೆ ಮತ್ತು ದೀಪ. ಪೊರಕೆಯೆಂದರೆ ನಮ್ಮ ಹೆಂಗಸರು ಬೆಳಗ್ಗೆ ಹಿಡಿಯುವ ಹಿಡಿಸೂಡಿಯನ್ನಲ್ಲ. ದೀಪಾವಳಿಯ ಹೊತ್ತಿಗೆ ಅಡಿಕೆ ಒಣಗಿಸುವುದಕ್ಕೆಂದು ಅಂಗಳವನ್ನು ಕೆತ್ತಿ, ಮಣ್ಣು ಬಡಿದು, ಸಗಣಿ ಸಾರಿಸುತ್ತಿದ್ದಾಗಲೂ, ಅಂಗಳದಾಚೆಗೆ ಹಿತ್ತಲೆಂಬುದೊಂದು ಇರುತ್ತಿತ್ತು; ಅಲ್ಲಿ ಉದುರಿದ ಎಲೆ ಉದುರಿದಂತೆಯೇ ಕೊಳೆಯುತ್ತಿತ್ತು. ಈಗ ಅಂಗಳಕ್ಕೆ ಹಾಸಿದ ಇಂಟರ್‌ಲಾಕು ಹಿತ್ತಿಲಿಗೂ ವ್ಯಾಪಿಸಿದೆ. ಒಣ ಎಲೆಯೊಂದು ಬಿದ್ದರೆ ಮನೆಯವರಿಗೆ ಮಾನಹಾನಿಯಾದಂತೆ. ನನಗೆ ಇದರಿಂದ ಆದ ನಷ್ಟವನ್ನು ಒಂದು ಹಕ್ಕಿಯ ಲೆಕ್ಕದಲ್ಲಿ ಹೇಳಬಲ್ಲೆ. ನವರಂಗವೆಂಬ ಹಕ್ಕಿ ಹಿಮಾಲಯದ ತಪ್ಪಲಿನಲ್ಲಿಯೂ ಮಧ್ಯಭಾರತದ ಕಾಡುಗಳಲ್ಲಿಯೂ ಮರಿಮಾಡಿ, ಮಳೆಗಾಲ ಕಳೆದ ಮೇಲೆ ರಾತ್ರಿಹೊತ್ತು ಹಾರುತ್ತ ದಕ್ಷಿಣಕ್ಕೆ ಬರುತ್ತದೆ. ಹಸುರು ಬೆನ್ನು, ಕಂದು ಎದೆ, ಹೊಟ್ಟೆಯ ಕೆಳಗೆ ಕುಂಕುಮ, ರೆಕ್ಕೆಯಲ್ಲೊಂದು ನೀಲಿಯ ಮಿಂಚು, ಮೋಟು ಬಾಲ. ಮುಂಜಾನೆಯೂ ಮುಸ್ಸಂಜೆಯೂ ಎರಡೆಳೆಯ ಶಿಳ್ಳೆ ಹಾಕುವುದರಿಂದ ತಮಿಳರು ಇದನ್ನು ಆರು ಗಂಟೆಯ ಹಕ್ಕಿಯೆಂದು ಕರೆಯುತ್ತಾರೆ. ಇಷ್ಟು ದೂರದಿಂದ ಬಂದ ಈ ರಾಜಕುಮಾರನಿಗೆ ನಮ್ಮಿಂದ ಬೇಕಾದದ್ದು ಕೊಳೆಯುತ್ತಿರುವ ಎಲೆ, ಆ ಎಲೆಯ ಕೆಳಗಿನ ಹುಳು. ನಮ್ಮ ಹಿತ್ತಲಿನ ದರಗಿನಲ್ಲಿ ಅದು ಒಂದೊಂದೇ ಎಲೆಯನ್ನು ಕೊಕ್ಕಿನಿಂದ ಹಿಡಿದು, ಪುಸ್ತಕದ ಹಾಳೆ ಮಗುಚುವವನಂತೆ ಪಕ್ಕಕ್ಕೆ ಮಗುಚಿ, ತಲೆಯೋರೆ ಮಾಡಿ ಕೆಳಗೆ ನೋಡುವುದನ್ನು ನಾನು ಬಚ್ಚಲ ಕಿಟಕಿಯಿಂದ ಎಷ್ಟೋ ಬೆಳಗುಗಳಲ್ಲಿ ಕಂಡಿದ್ದೇನೆ. ಹಿತ್ತಿಲಿಗೂ ಕಲ್ಲು ಹಾಸಿಸಿದ ನಮ್ಮ ಸಂಬಂಧಿಕರೊಬ್ಬರು ಮಣ್ಣಿನ ಬಟ್ಟಲಲ್ಲಿ ನೀರೂ ನವಣೆಯೂ ಇಟ್ಟು, ಹಕ್ಕಿಗಳೇ ಬರುವುದಿಲ್ಲವಲ್ಲ ಎಂದು ದುಃಖಪಟ್ಟುಕೊಳ್ಳುತ್ತಿದ್ದರು. ನೀರಿಟ್ಟದ್ದು ಒಳ್ಳೆಯದೇ. ನವಣೆಯ ಬದಲು ಒಂದು ಬುಟ್ಟಿ ಕಸವನ್ನು ಗುಡಿಸದೆ ಬಿಟ್ಟಿದ್ದರೆ ಸಾಕಾಗಿತ್ತು.

ದೀಪದ ಕಥೆ ನಮ್ಮ ಮನೆಯದೇ. ಬೆಂಗಳೂರಿನಲ್ಲಿರುವ ಮಗ, ‘ಅಪ್ಪಯ್ಯ, ನೀವಿಬ್ಬರೇ ಇರೋದು, ಕತ್ತಲೆಯಲ್ಲಿ ಹಾವು ಹುಪ್ಪಟೆ ಅಂತ ಭಯ ನಮಗೆ’ ಎಂದು, ಸಾಯಂಕಾಲವಾದೊಡನೆ ತಾನೇ ಹೊತ್ತಿಕೊಂಡು ಬೆಳಗಾಗುವವರೆಗೆ ಉರಿಯುವ ಬಿಳಿಯ ದೀಪವೊಂದನ್ನು ಮಾಡಿನ ತುದಿಗೆ ಹಾಕಿಸಿದ. ಅವನ ಪ್ರೀತಿಯನ್ನು ನಾನು ಬಲ್ಲೆ. ಆದರೆ ಮೊದಲ ವಾರದಲ್ಲಿಯೇ ದೀಪದ ಕೆಳಗೆ ಪತಂಗಗಳ ರಾಶಿ ಬಿತ್ತು; ರಾಶಿಗೆ ಕಪ್ಪೆಗಳು ಬಂದುವು; ಕಪ್ಪೆಗಳಿಗೆ ಏನು ಬರುತ್ತದೆಂದು ಮಲೆನಾಡಿನವರಿಗೆ ಹೇಳಬೇಕೆ? ಹಾವಿನ ಭಯಕ್ಕೆಂದು ಹಾಕಿಸಿದ ದೀಪವೇ ಹಾವಿಗೆ ಔತಣದ ಎಲೆ ಹಾಕಿತು. ಮುಂಗಾರಿಗೆ ಮುನ್ನ ತೋಟದ ಅಂಚಿನಲ್ಲಿ ಲಕ್ಷದೀಪೋತ್ಸವ ನಡೆಸುವ ಮಿಂಚುಹುಳುಗಳು ಆ ವರ್ಷ ಅಂಗಳದ ಕಡೆ ಸುಳಿಯಲಿಲ್ಲ. ತಮ್ಮ ಮಿನುಗನ್ನು ಸಂಗಾತಿ ಕಾಣಲಾರದಷ್ಟು ಬೆಳಕಿರುವ ಕಡೆ ಅವಕ್ಕೇನು ಕೆಲಸ? ಕಬ್ಬೆಕ್ಕೂ ಬಾವಿಕಟ್ಟೆಯನ್ನು ಬಿಟ್ಟಿತು. ಹೆಂಡತಿಗೆ ಇದರಿಂದ ಸಂತೋಷವಾಗಬೇಕಿತ್ತು. ‘ಈ ಸಲ ಬಂದೇ ಇಲ್ಲವಲ್ಲ’ ಎಂದು ಎರಡು ಸಲ ಕೇಳಿದಳು. ಈಗ ದೀಪಕ್ಕೊಂದು ಗುಂಡಿಯಿದೆ, ಬೇಕಾದಾಗ ಒತ್ತುತ್ತೇವೆ. ಕೈಯಲ್ಲೊಂದು ಟಾರ್ಚಿದೆ, ಕಾಲಿಡುವಲ್ಲಿ ಬೆಳಕು ಬಿಡುತ್ತೇವೆ.

ಕೊನೆಯದಾಗಿ, ಈ ಲೇಖನವನ್ನು ಅಚ್ಚುಮಾಡುವ ಪತ್ರಿಕೆಗಳ ಮೇಲೆಯೇ ಒಂದು ದೂರು. ಕಾಡುಪ್ರಾಣಿ ಮನುಷ್ಯನ ಕಣ್ಣಿಗೆ ಬಿದ್ದರೆ ಅದಕ್ಕೆ ನಮ್ಮ ಪತ್ರಿಕಾಭಾಷೆಯಲ್ಲಿರುವ ಕ್ರಿಯಾಪದ ಒಂದೇ: ಪ್ರತ್ಯಕ್ಷ. ದೇವರು ಪ್ರತ್ಯಕ್ಷನಾದನೆಂದು ಭಕ್ತರು ಹೇಳುತ್ತಿದ್ದ ಪದವಿದು. ಈಗ ‘ಚಿರತೆ ಪ್ರತ್ಯಕ್ಷ’ ಎಂಬುದರ ಬೆನ್ನಿಗೆ ‘ಜನರಲ್ಲಿ ಆತಂಕ’ ಎಂಬುದು ಬಾರದಿದ್ದರೆ ಶೀರ್ಷಿಕೆಗೆ ಪೂರ್ಣತೆಯೇ ಇಲ್ಲ. ಬೆಂಗಳೂರಿನ ಹೊರವಲಯದ ಬಡಾವಣೆಯ ಗೋಡೆಯ ಮೇಲೆ ನಡುರಾತ್ರಿ ಹಾದುಹೋದ ಚಿರತೆ ಸಿಸಿಟಿವಿಯಲ್ಲಿ ಸಿಕ್ಕಿಬಿದ್ದರೆ ಅದನ್ನು ದಿನಕ್ಕೆ ನೂರು ಸಲ ತೋರಿಸುತ್ತಾರೆ. ಆ ಚಿರತೆ ಅಲ್ಲಿಗೆ ಬಂದದ್ದು ರಾಶಿಬಿದ್ದ ಕಸಕ್ಕೆ ಕೂಡಿದ ಬೀದಿನಾಯಿಗಳಿಗಾಗಿರಬಹುದು ಎಂಬುದನ್ನು ಒಂದು ಸಲವೂ ಹೇಳುವುದಿಲ್ಲ. ಕ್ಯಾಮರಾ ಇಟ್ಟದ್ದಕ್ಕೆ ನನ್ನ ಆಕ್ಷೇಪವಿಲ್ಲ. ಅದು ಕಂಡದ್ದನ್ನು ನಾವು ನೋಡುವ ರೀತಿಗೆ ಆಕ್ಷೇಪ. ಗೋಡೆಯ ಮೇಲೆ ಅದು ಒಂದು ಕ್ಷಣ ನಿಂತು, ಕಿವಿ ತಿರುಗಿಸಿ, ಮುಂಗಾಲನ್ನು ಎಷ್ಟು ಮೆಲ್ಲಗೆ ಊರಿ ಆಚೆಗೆ ಇಳಿಯಿತೆಂಬುದನ್ನು ಆ ನೂರು ಸಲದಲ್ಲಿ ಯಾರು ಗಮನಿಸಿದರು? ಮಕ್ಕಳನ್ನು ಕತ್ತಲಾದ ಮೇಲೆ ಹೊರಗೆ ಬಿಡಬಾರದು, ನಾಯಿಯನ್ನು ಒಳಗೆ ಕಟ್ಟಬೇಕು, ಗುಂಪುಕಟ್ಟಿಕೊಂಡು ದೊಣ್ಣೆ ಹಿಡಿದು ಅಟ್ಟಬಾರದು. ಚಿರತೆಯೊಡನೆ ನೆರೆಹೊರೆಯಲ್ಲಿ ಬಾಳಿದ ಹಳ್ಳಿಗರು ಇಷ್ಟನ್ನು ಪತ್ರಿಕೆಯಿಲ್ಲದೆ ಬಲ್ಲವರಾಗಿದ್ದರು.

ಇದನ್ನು ಬರೆಯುತ್ತಿರುವಾಗ ಮಳೆ ಹಿಡಿದಿದೆ. ಬಾವಿಕಟ್ಟೆಯ ಬುಡದಲ್ಲಿ, ಗಾರೆ ಬಿರುಕುಬಿಟ್ಟ ಸಂದಿಯೊಳಗಿನಿಂದ, ಹುಲ್ಲಿನ ಗರಿಯಂಥ ಒಂದೇ ಎಲೆ ಎದ್ದು ನಿಂತಿರುವುದನ್ನು ಹೆಂಡತಿ ನಿನ್ನೆ ತೋರಿಸಿದಳು. ತೊಳೆದ ನೀರಿನೊಡನೆ ಇಳಿದ ಬೈನೆಯ ಬೀಜವೊಂದು ಮೊಳೆತಿದೆ. ಬೆಳೆಯಲು ಬಿಟ್ಟರೆ ನಾಲ್ಕಾರು ವರ್ಷದಲ್ಲಿ ಬೇರು ಕಟ್ಟೆಯನ್ನು ಎತ್ತುತ್ತದೆ, ಕಿತ್ತುಹಾಕಬೇಕು ಎಂದಳು. ಹೌದೆಂದೆ. ಮಳೆ ಸ್ವಲ್ಪ ಹೊಳವಾದರೆ, ಸುತ್ತಲಿನ ಮಣ್ಣಿನೊಡನೆ ಎಬ್ಬಿಸಿ ತೋಟದಾಚೆಯ ಧರೆಯ ಮೇಲೆ ನೆಡುವುದೆಂದು ಗುದ್ದಲಿಯನ್ನು ಜಗಲಿಗೆ ತಂದಿಟ್ಟಿದ್ದೇನೆ.